ಸೊಟ್ಟ ಭುಜದವನು

ಅಕ್ಕನ ಮನೆ,
ಜೂನ್ ತಿಂಗಳ ಹನ್ನೊಂದನೇ ತಾರೀಖು, ಮಧ್ಯಾಹ್ನ

ಕ್ಯಾಮೆರಾ ಪಂಡಿತರಿಗೆ,

ನಿಮ್ಮ ಹೆಂಡತಿ ಬರೆಯುತ್ತಿರುವ ಕಾಗದ. ವಕೀಲರ ಕೆಲಸ ಮುಗಿಯುವವರೆಗೂ ನಾನು ನಿಮ್ಮ ಹೆಂಡತಿಯೇ ತಾನೇ? ನೀವು ಕ್ಷೇಮವೇ ಎಂದು ಕೇಳುವುದಿಲ್ಲ. ಕೇಳಿ ನನಗೇನೂ ಆಗಬೇಕಾಗಿಲ್ಲ. ಮೇಲೆ ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆದಿದ್ದೇನೆ, ಗಮನಿಸಿ. ಅಂಕಿ ಕೈಗೆ ಸಿಕ್ಕರೆ ನೀವು ಏನೇನು ಅನಾಹುತ ಮಾಡುತ್ತೀರಿ ಎಂಬುದು ಈ ವಾರ ನನಗೆ ಅರ್ಥವಾಯಿತು.

ನಿಮ್ಮ ದಪ್ಪ ಲಕೋಟೆ ಸೋಮವಾರ ಅಂಗಡಿಗೆ ಬಂತು. ನಾನು ಯಾರದೋ ಕೋಟಿನ ತೋಳು ಬಿಚ್ಚುತ್ತಾ ಕೂತಿದ್ದೆ. ಕತ್ತರಿಯಿಂದಲೇ ಒಡೆದು ನೋಡಿದರೆ ಒಳಗೆ ಮೂರು ಸಾಮಾನು. ಬೇರೆಯಾಗುವ ಕಾಗದಪತ್ರ, ನಾನು ಸಹಿ ಹಾಕಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನ ಗುರುತು. ಐದೇ ಸಾಲಿನ ನಿಮ್ಮ ಓಲೆ. ಜೊತೆಗೆ ನೋಟ್‌ಬುಕ್ಕಿನಷ್ಟು ದೊಡ್ಡದು ಮಾಡಿಸಿದ ಒಂದು ಫೋಟೋ. ಏಳು ತಿಂಗಳಿಂದ ನೀವು ಸಾಕ್ಷಿ ಸಾಕ್ಷಿ ಎಂದು ಬಡಿದುಕೊಳ್ಳುತ್ತಿದ್ದಿರಲ್ಲ, ಆ ಸಾಕ್ಷಿಯ ಮುಖದರ್ಶನ ನನಗೆ ಆಗಿದ್ದು ಸೋಮವಾರ. ಮುಖ ಎಂದೆ, ಮುಖವೇ ಇಲ್ಲ. ದೋಣಿಯಲ್ಲಿ ಒಬ್ಬ ಗಂಡಸು ನಮಗೆ ಬೆನ್ನು ಹಾಕಿ ಕೂತಿದ್ದಾನೆ. ಹಳದಿ ರೇನ್‌ಕೋಟು, ಅಗಲ ಟೋಪಿ. ಕೆಳಗೆ ಬಲಮೂಲೆಯಲ್ಲಿ ಕಿತ್ತಳೆ ಬಣ್ಣದ ಅಕ್ಷರದಲ್ಲಿ ಹೋದ ವರ್ಷದ ಮಾರ್ಚ್ ಎಂಟು ಎಂಬ ತಾರೀಖು.

ನವೆಂಬರಿನ ಆ ಭಾನುವಾರ ನೆನಪಿದೆಯಾ ನಿಮಗೆ? ನಾನು ಇಸ್ತ್ರಿ ಮಾಡುತ್ತಿದ್ದೆ. ನೀವು ಬಾಗಿಲಲ್ಲಿ ನಿಂತು, "ಹೋದ ಮಾರ್ಚ್ ಎಂಟಕ್ಕೆ ಎಲ್ಲಿದ್ದೆ?" ಎಂದಿರಿ. ಅಕ್ಕನ ಮನೆಯಲ್ಲಿ, ಅವಳ ಕಣ್ಣಿನ ಆಪರೇಷನ್ ದಿನ, ಎಂದೆ. ಮತ್ತೆ ಕೇಳಿದಿರಿ. ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಪೊಲೀಸ್ ಸ್ಟೇಷನ್ನಿನಲ್ಲಿ ನಿಂತ ಹಾಗಾಯಿತು ಮನೆಯೊಳಗೆ. "ಮನುಷ್ಯರು ಸುಳ್ಳು ಹೇಳ್ತಾರೆ, ಕ್ಯಾಮೆರಾ ಸುಳ್ಳು ಹೇಳಲ್ಲ. ಕೆರೆ ಹತ್ರ ಯಾರ ಜೊತೆ ಹೋಗಿದ್ದೆ ಅಂತ ನನಗೆ ಗೊತ್ತಾಯ್ತು" ಎಂದಿರಿ. ತೋರಿಸಿ ಎಂದರೆ ತೋರಿಸಲಿಲ್ಲ. ನಿನಗೇ ಗೊತ್ತಿರಬೇಕಲ್ಲ ಎಂದಿರಿ. ಆ ಮಾತಿಗೆ ನಾನು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು, ಹೊಲಿಗೆ ಡಬ್ಬಿ ಎತ್ತಿಕೊಂಡು ಹೊರಟುಬಂದೆ. ನಿಮ್ಮ ಕಾಲರ್ ಅರ್ಧಕ್ಕೇ ಉಳಿಯಿತು.

ಯಾವ ಫೋಟೋ, ಏನು ಕಥೆ ಎಂದು ನಾನು ಆಗಲೇ ಹಟ ಹಿಡಿದು ಕೇಳಬೇಕಿತ್ತು, ಒಪ್ಪುತ್ತೇನೆ. ಕೇಳಲಿಲ್ಲ. ನನಗೂ ಕೊಬ್ಬು ಕಮ್ಮಿಯಿಲ್ಲ. ಅನುಮಾನ ಪಟ್ಟವರೇ ಬಂದು ಬಾಗಿಲು ತಟ್ಟಲಿ ಎಂದು ಕೂತೆ. ಅಕ್ಕನಿಗೆ ಒಂದೇ ಒಂದು ಫೋನ್ ಮಾಡಿದ್ದರೆ ನಿಮಗೆ ವಿಷಯ ತಿಳಿಯುತ್ತಿತ್ತು. ಅವಳ ಕಣ್ಣಿಗೆ ಪಟ್ಟಿ ಕಟ್ಟಿದ್ದರು, ಬಾಯಿಗೆ ಕಟ್ಟಿರಲಿಲ್ಲ. ಮಾಡಲಿಲ್ಲ ನೀವು.

ಇರಲಿ. ಈಗ ನಿಮ್ಮ ಸತ್ಯವಂತ ಕ್ಯಾಮೆರಾದ ವಿಚಾರಕ್ಕೆ ಬರೋಣ.

ನಿಮ್ಮ ಹಳೇ ಸಣ್ಣ ಕ್ಯಾಮೆರಾ ಅದು. ಹೊಸದು ಕೊಂಡಾಗ ದೊಡ್ಡ ದಾನಶೂರರ ಹಾಗೆ ನನ್ನ ಕೈಗಿಟ್ಟಿರಿ. ಹೋದ ಆಗಸ್ಟ್ ಮೂರರ ಬೆಳಿಗ್ಗೆ, ನಮ್ಮ ಕೆರೆ ಪ್ರವಾಸದ ಎರಡನೇ ದಿನ, ಲಾಡ್ಜಿನಿಂದ ಹೊರಟಾಗ, ಕಾರಿನಲ್ಲಿ ಕೂತು ಅದರ ಬ್ಯಾಟರಿ ಬದಲಾಯಿಸಿ, ಟಿಕ್ ಟಿಕ್ ಅಂತ ಏನೋ ಒತ್ತಿ, "ತಗೋ, ಎಲ್ಲ ಸೆಟ್ ಮಾಡಿದ್ದೀನಿ. ನೀನು ಗುಂಡಿ ಒತ್ತಿದ್ರೆ ಸಾಕು, ಬೇರೆ ಏನೂ ಮುಟ್ಬೇಡ" ಎಂದಿರಿ. ಕಾರ್ಡು ನಿಮ್ಮ ಹತ್ತಿರ ಉಳಿಯಿತು, ಕ್ಯಾಮೆರಾ ನನ್ನ ಹೊಲಿಗೆ ಡಬ್ಬಿಯಲ್ಲಿ ನೂಲಿನುಂಡೆಗಳ ನಡುವೆ ಬಿದ್ದಿತ್ತು. ಸೋಮವಾರ ಸಂಜೆ ಹೊಸ ಬ್ಯಾಟರಿ ಹಾಕಿದೆ. ತಾರೀಖು ಹೇಳು ಎಂದು ಅದು ನನ್ನನ್ನೂ ಕೇಳಿತು. ಪರದೆಯ ಮೇಲೆ ಎರಡು ಚೌಕ. ಮೊದಲನೆಯದು ತಿಂಗಳಿಗೆ, ಎರಡನೆಯದು ದಿನಕ್ಕೆ. ಚೌಕದ ಮೇಲೆ ಬರೆದೇ ಇದೆ, ಸಣ್ಣಗೆ. ನೀವು ಓದಲಿಲ್ಲ. ಓದುವುದು ನಿಮ್ಮ ಅಂತಸ್ತಿಗೆ ಕಮ್ಮಿ. ಆಗಸ್ಟ್ ಎಂಟನೇ ತಿಂಗಳು, ದಿನ ಮೂರು. ನಾವೆಲ್ಲ ಬರೆಯುವ ಹಾಗೆ ಮೊದಲು ಮೂರು, ಆಮೇಲೆ ಎಂಟು ಎಂದು ಒತ್ತಿದಿರಿ. ಮೂರನೇ ತಿಂಗಳು ಎಂಟನೇ ದಿನ ಎಂದು ಅದು ತಿಳಿದುಕೊಂಡಿತು. ಅದು ಮಾರ್ಚ್ ಎಂಟು, ಪಂಡಿತರೇ. ನಿಮ್ಮ ಬೆರಳು ಹೇಳಿದ ಸುಳ್ಳನ್ನು ಆ ಬಡಪಾಯಿ ಯಂತ್ರ ಹಾಗೇ ಅಚ್ಚು ಹಾಕಿತು.

ನಂಬಿಕೆ ಬರದಿದ್ದರೆ ಫೋಟೋವನ್ನೇ ನೋಡಿ, ಆ ಗಂಡಸನ್ನು ಬಿಟ್ಟು ಪಕ್ಕದಲ್ಲಿ ನೋಡಿ. ದೋಣಿ ಹತ್ತುವ ಹಲಗೆಯ ಸೇತುವೆ ಕಾಣುತ್ತಿದೆ, ನೀಲಿ ಬಣ್ಣದ್ದು. "ಹೋದ ತಿಂಗಳಷ್ಟೇ ಹಾಕಿದ್ದು, ಬಣ್ಣ ಇನ್ನೂ ಸರಿಯಾಗಿ ಒಣಗಿಲ್ಲ, ಒರಗಬೇಡಿ" ಎಂದು ದೋಣಿಯವನು ನಮ್ಮಿಬ್ಬರಿಗೂ ಹೇಳಿದ್ದ. ನೀವು ಒರಗಿದಿರಿ. ಪ್ಯಾಂಟಿನ ನೀಲಿ ಕಲೆಯನ್ನು ಸೀಮೆಎಣ್ಣೆ ಹಚ್ಚಿ ತಿಕ್ಕಿದವಳು ನಾನು. ಜುಲೈಯಲ್ಲಿ ಕಟ್ಟಿದ ಸೇತುವೆ ಮಾರ್ಚಿನ ಫೋಟೋದಲ್ಲಿ ಹೇಗೆ ಬಂತು? ಹಕ್ಕಿಯ ರೆಕ್ಕೆಯಲ್ಲಿ ಒಂದು ಪುಕ್ಕ ಮಸುಕಾದರೆ ಇಡೀ ದಿನ ಕೊರಗುವ ನಿಮಗೆ ಒಂದು ಸೇತುವೆ ಕಾಣಲಿಲ್ಲ.

ನಿಮ್ಮ ಓಲೆಯಲ್ಲಿ ಇನ್ನೊಂದು ಮಹಾ ಪತ್ತೇದಾರಿ ಇದೆ. ಆಗಸ್ಟಿನಲ್ಲಿ ನಾನು ಕೆರೆಯ ದಾರಿಯನ್ನು ಮೊದಲೇ ಗೊತ್ತಿದ್ದವಳ ಹಾಗೆ ತೋರಿಸಿದೆನಂತೆ, ಆದ್ದರಿಂದ ಅದಕ್ಕೂ ಮುಂಚೆ ಯಾರ ಜೊತೆಗೋ ಹೋಗಿದ್ದೆನಂತೆ. ರೀ, ನಿಮ್ಮ ದಾರಿ ತೋರಿಸುವ ಯಂತ್ರ ಎಡಕ್ಕೆ ತಿರುಗಿ, ಎಡಕ್ಕೆ ತಿರುಗಿ ಎಂದು ನಮ್ಮನ್ನು ಇಟ್ಟಿಗೆ ಗೂಡಿನ ಒಳಗೆ ತಂದು ನಿಲ್ಲಿಸಿತ್ತು. ಕೆಲಸದವರು ಇಟ್ಟಿಗೆ ಹೊರುವುದು ಬಿಟ್ಟು ನಮ್ಮನ್ನು ನೋಡುತ್ತಾ ನಿಂತಿದ್ದರು. ನೀವು ಆ ಯಂತ್ರವನ್ನು ಬಯ್ಯುತ್ತಾ, ಆರಿಸುತ್ತಾ, ಹೊತ್ತಿಸುತ್ತಾ ಇದ್ದಾಗ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಕೆರೆಗೆ ದಾರಿ ಎಂದು ಬೋರ್ಡಿತ್ತು. ಓದಿ ಹೇಳಿದೆ. ಅಕ್ಷರ ಬರುವುದೂ ನಡತೆಗೆಟ್ಟವಳ ಲಕ್ಷಣ ಎಂದು ನನಗೆ ಗೊತ್ತಿರಲಿಲ್ಲ.

ಆ ಎರಡು ದಿನವನ್ನು ನೀವು ಹೇಗೆ ಕಳೆದಿರಿ ಎಂದು ಹೇಳಲೇ? ಕೆರೆ ನೋಡಲಿಲ್ಲ, ಕ್ಯಾಮೆರಾದ ಪರದೆ ನೋಡಿದಿರಿ. ಮೂರು ಕಾಲಿನ ಸ್ಟ್ಯಾಂಡು, ದೂರದಿಂದ ಒತ್ತುವ ರಿಮೋಟು, ರಿಮೋಟಿಗೊಂದು ಚೀಲ, ಆ ಚೀಲ ಕಳೆಯದಿರಲಿ ಎಂದು ಒಂದು ದಾರ. ನಾನು ತೆಗೆದ ಹದಿನೆಂಟು ಫೋಟೋಗಳನ್ನು ಅಂದೇ ಸಂಜೆ ಲಾಡ್ಜಿನ ಮಂಚದ ಮೇಲೆ ಕೂತು ಒಂದೊಂದಾಗಿ ಅಳಿಸಿದಿರಿ. ಇದು ಬರೀ ಕಲ್ಲು, ಇದು ಬರೀ ಹುಲ್ಲು, ಇದರಲ್ಲಿ ಬೆಳಕೇ ಇಲ್ಲ ಎನ್ನುತ್ತಾ. ನನಗೆ ಆ ಕಲ್ಲು ಇಷ್ಟವಾಗಿತ್ತು. ಅದರ ಮೇಲೆ ಯಾರೋ ಮಗುವಿನ ಒದ್ದೆ ಅಂಗಿ ಒಣಹಾಕಿದ್ದರು. ಹೇಳೋಣವೆಂದರೆ ನೀವು ಆಗಲೇ ಮುಂದಿನದನ್ನು ಅಳಿಸುತ್ತಿದ್ದಿರಿ. ಮಾರನೇ ದಿನ ಸ್ಟ್ಯಾಂಡು ನೀರಿಗೆ ಬಿತ್ತು. ಅದರ ಹಿಂದೆ ನೀವು ಬಿದ್ದಿರಿ. ಎದೆಯವರೆಗೆ ನೀರಿನಲ್ಲಿ ನಿಂತು, ಕ್ಯಾಮೆರಾ ಮಾತ್ರ ತಲೆಯ ಮೇಲೆ ಎತ್ತಿ ಹಿಡಿದು, "ಮೊದ್ಲು ಇದನ್ನ ಹಿಡ್ಕೊ! ನಾನು ಆಮೇಲೆ!" ಎಂದು ಕೂಗಿದಿರಿ. ಹಿಡಿದುಕೊಂಡೆ. ನಕ್ಕೆ ಎಂದು ಊರಿಗೆ ಬರುವವರೆಗೂ ಮುಖ ಊದಿಸಿಕೊಂಡಿದ್ದಿರಿ. ಆ ದಿನ ಮಧ್ಯಾಹ್ನ, ಹತ್ತೊಂಬತ್ತನೆಯದಾಗಿ ನಾನು ತೆಗೆದದ್ದೇ ಈ ಫೋಟೋ.

ಹೌದು, ತೆಗೆದವಳು ನಾನೇ. ಅಲ್ಲಿ ಒಬ್ಬ ಗಂಡಸಿದ್ದ ಎಂಬುದೂ ನಿಜ. ಆ ಗಂಡಸನ್ನು ಬೇಕೆಂದೇ ತೆಗೆದೆ ಎಂಬುದೂ ನಿಜ. ಅವನು ಯಾರೆಂದು ನನಗೆ ಗೊತ್ತು. ಕೊನೆಯಲ್ಲಿ ಹೇಳುತ್ತೇನೆ, ಸ್ವಲ್ಪ ಉರಿಯಿರಿ. ನಾನು ಏಳು ತಿಂಗಳು ಉರಿದಿದ್ದೇನೆ.

ನಿಮ್ಮ ಓಲೆಯ ಕೊನೆಯ ಸಾಲು ನನಗೆ ಬಾಯಿಪಾಠವಾಗಿದೆ. "ಆ ಸೊಟ್ಟ ಭುಜದವನಲ್ಲಿ ಅಂಥದ್ದೇನು ಕಂಡೆ?" ಎಂದು ಬರೆದಿದ್ದೀರಿ. ಸೊಟ್ಟ ಎಂಬುದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀರಿ. ಭುಜ ಸೊಟ್ಟವೇ, ಸುಳ್ಳಲ್ಲ. ಬಲಭುಜ ಎಡದಕ್ಕಿಂತ ಒಂದು ಬೆರಳು ಕೆಳಗಿದೆ. ನೋಡಿದ ತಕ್ಷಣ ನನಗೂ ಕಂಡಿತು. ನನ್ನ ಕಸುಬೇ ಅದಲ್ಲವೇ? ನನಗೆ ಕತ್ತರಿ ಹಿಡಿಯುವುದು ಕಲಿಸಿದ ಮಾಸ್ಟರ್ ಮೊದಲ ದಿನ ಹೇಳಿದ ಮಾತು, ಗಿರಾಕಿಯ ಮೈಯಲ್ಲಿ ಕಂಡ ಕುಂದನ್ನು ಗಿರಾಕಿಗೂ ಹೇಳಬಾರದು, ಹೊಲಿಗೆಯಲ್ಲಿ ಮುಚ್ಚಬೇಕು. ಬೆನ್ನು ಬಾಗಿದವರಿಗೆ, ಹೊಟ್ಟೆ ಬಂದವರಿಗೆ, ಒಂದು ಕೈ ಗಿಡ್ಡವಿದ್ದವರಿಗೆ, ಎಲ್ಲರಿಗೂ ಹಾಗೇ ಹೊಲಿದುಕೊಂಡು ಬಂದಿದ್ದೇನೆ. ಕನ್ನಡಿಯ ಮುಂದೆ ನಿಂತು ಅವರು ಖುಷಿಪಟ್ಟರೆ ಅಷ್ಟು ಸಾಕು.

ನಾನು ನಿಮ್ಮಿಂದ ಏನನ್ನೋ ಮುಚ್ಚಿಟ್ಟಿದ್ದೇನೆ ಎಂದು ವಕೀಲರ ಕಾಗದದಲ್ಲಿ ಬರೆಸಿದ್ದೀರಿ. ಅದೊಂದು ನಿಜ. ಹನ್ನೊಂದು ವರ್ಷದಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನಿಮ್ಮಮ್ಮನಿಗೂ ಹೇಳಿಲ್ಲ, ಅಕ್ಕನಿಗೂ ಹೇಳಿಲ್ಲ. ಈ ಕಾಗದದಲ್ಲಿ ಅದನ್ನೂ ಒಪ್ಪಿಸಿ ಕೈ ತೊಳೆದುಕೊಳ್ಳುತ್ತೇನೆ.

ಮೂರು ದಿನ ಆ ಫೋಟೋವನ್ನು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಮನಸ್ಸು ಒಂದು ಸಲ ಕರಗಿತು, ಸುಳ್ಳು ಯಾಕೆ ಹೇಳಲಿ. ಈ ತಾರೀಖಿನ ಕಥೆ ಫೋನಿನಲ್ಲಿ ಹೇಳಿದರೆ ಸಾಕು, ನೀವು ಸಂಜೆಯೊಳಗೆ ಓಡಿಬರುತ್ತೀರಿ, ಕೈಯಲ್ಲಿ ಯಾವುದೋ ಹೊಸ ಯಂತ್ರದ ಡಬ್ಬ ಹಿಡಿದು, ತಪ್ಪಾಯ್ತು ಕಣೆ ಎನ್ನುತ್ತೀರಿ. ಅಕ್ಕ ಅದನ್ನೇ ಮಾಡು ಎಂದಳು. "ಹೋಗ್ಲಿ ಬಿಡೆ, ಗಂಡಸರ ಬುದ್ಧಿ" ಎಂದಳು. ನಾನು ಫೋನ್ ಕೈಗೆತ್ತಿಕೊಂಡೆ ಕೂಡ. ಆಗ ಮತ್ತೆ ಫೋಟೋದ ಮೇಲೆ ಕಣ್ಣು ಬಿತ್ತು. ಇದನ್ನು ನೀವು ಏಳು ತಿಂಗಳು ನೋಡಿದ್ದೀರಿ. ದೊಡ್ಡದು ಮಾಡಿಸಿ ನೋಡಿದ್ದೀರಿ. ಮೂಲೆ ಮೂಲೆ ಹಿಗ್ಗಿಸಿ ನೋಡಿದ್ದೀರಿ. ಆದರೂ ನಿಮಗೆ ಗೊತ್ತಾಗಲಿಲ್ಲ. ಎತ್ತಿಕೊಂಡ ಫೋನನ್ನು ಅಲ್ಲೇ ಇಟ್ಟೆ. ನಾಳೆ ಇನ್ನೊಂದು ಯಂತ್ರ ಇನ್ನೊಂದು ಅಂಕಿ ತೋರಿಸುತ್ತದೆ, ನೀವು ಮತ್ತೆ ಬಾಗಿಲಲ್ಲಿ ನಿಂತು ಎಲ್ಲಿದ್ದೆ ಎನ್ನುತ್ತೀರಿ. ನನ್ನಿಂದ ಆಗುವುದಿಲ್ಲ.

ಆದ್ದರಿಂದ ಸಹಿ ಹಾಕಿದ್ದೇನೆ. ಪೆನ್ಸಿಲ್ ಗುರುತಿದ್ದ ಕಡೆಯಲ್ಲೆಲ್ಲ ಹಾಕಿದ್ದೇನೆ, ಒಂದನ್ನೂ ಬಿಟ್ಟಿಲ್ಲ. ತಾರೀಖನ್ನೂ ಬರೆದಿದ್ದೇನೆ, ತಿಂಗಳು ಅಕ್ಷರದಲ್ಲಿ. ಆ ಸಣ್ಣ ಕ್ಯಾಮೆರಾವನ್ನು ಮಾತ್ರ ಕೊಡುವುದಿಲ್ಲ. ನನ್ನ ಕಲ್ಲು, ನನ್ನ ಹುಲ್ಲು ನಾನು ತೆಗೆದುಕೊಳ್ಳುತ್ತೇನೆ.

ಇಂತಿ,
ನಿಮ್ಮ ಬಟ್ಟೆ ಹೊಲಿದವಳು

ತಾ.ಕ.: ಆ ಸೊಟ್ಟ ಭುಜದವನು ನೀವೇ. ನೀರಿಗೆ ಬಿದ್ದು ಅಂಗಿ ತೊಪ್ಪೆಯಾದಾಗ ಅದನ್ನು ಬಿಚ್ಚಿಸಿ, ದೋಣಿಯವನು ತನ್ನ ರೇನ್‌ಕೋಟು, ಟೋಪಿ ನಿಮಗೆ ಹಾಕಿ ದೋಣಿಯಲ್ಲಿ ಕೂರಿಸಿದ. ನಿಮಗೆ ನೆನಪಿರಲಾರದು, ಆಗ ನಿಮ್ಮ ಧ್ಯಾನವೆಲ್ಲ ಆಚೆ ದಡದ ಕೊಕ್ಕರೆಯ ಮೇಲಿತ್ತು. ಹನ್ನೊಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ನಿಮ್ಮದೊಂದು ಫೋಟೋ ಇಲ್ಲವಲ್ಲ, ಒಂದಾದರೂ ಇರಲಿ ಎಂದು ಆಸೆಪಟ್ಟು ದಡದ ಮೇಲೆ ನಿಂತು ತೆಗೆದೆ. ನಿಮ್ಮ ಭುಜ ಸೊಟ್ಟ ಎಂದು ನಿಮಗೇ ಗೊತ್ತಿಲ್ಲ. ಗೊತ್ತಾಗಲು ನಾನು ಬಿಟ್ಟಿಲ್ಲ. ಅಂಗಿಯ ಬಲಗಡೆ ಯಾಕೆ ದಪ್ಪ ಎಂದು ಕೇಳಿದಾಗಲೆಲ್ಲ ಕ್ಯಾಮೆರಾ ಚೀಲದ ಪಟ್ಟಿ ಉಜ್ಜಿ ಬಟ್ಟೆ ಹರಿಯಬಾರದಲ್ಲ ಎನ್ನುತ್ತಿದ್ದೆ, ನೆನಪಿದೆಯಾ? ಅದು ಸುಳ್ಳು. ಭುಜ ಸಮ ಕಾಣಲೆಂದು ನಾನು ಇಡುತ್ತಿದ್ದ ಆ ಒಳಪಟ್ಟಿಗಳಲ್ಲಿ ಒಂದನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ. ಇನ್ನು ಮುಂದೆ ಯಾವ ದರ್ಜಿಯ ಹತ್ತಿರ ಹೋದರೂ ಇದನ್ನು ಕೊಟ್ಟು, ಬಲಗಡೆಗೆ ಇಷ್ಟು ದಪ್ಪ ಹಾಕಿ ಎಂದು ನೀವೇ ಬಾಯಿಬಿಟ್ಟು ಹೇಳಿ.