ಅತ್ತೆ ಕಿತ್ತುಕೊಂಡ ವೇಪ್

ಕೊಲೊವೈ, ಟೊಂಗಾ
ಬುಧವಾರ

ನನ್ನ ತಮ್ಮನ ಮಗ ಸೆಮಿಸಿಗೆ,

ನಿನ್ನ ತಂದೆಯನ್ನು ಮಣ್ಣು ಮಾಡಿದ ದಿನ ಎಲ್ಲರೆದುರು ನಿನ್ನ ಕೈಯಿಂದ ಆ ಬ್ಯಾಟರಿ ಸಿಗರೇಟು, ವೇಪ್ ಕಿತ್ತುಕೊಂಡೆ. ಸೋದರತ್ತೆ ಬೇಕೆಂದದ್ದನ್ನು ನಮ್ಮಲ್ಲಿ ಯಾರೂ ಇಲ್ಲವೆನ್ನುವಂತಿಲ್ಲ. "ಹುಷಾರು ಅತ್ತೆ, ಆ ಬ್ಯಾಟರಿ ತಡೆಯೋದೇ ಇಪ್ಪತ್ತು ಆಂಪ್ಸ್. ಹೊಗೆ ಬರಲಿ ಅಂತ ಒಳಗೆ ನಾನು ಸುತ್ತಿರೋ ತಂತಿ ಮೂವತ್ತು ಎಳೆಯುತ್ತೆ. ಬ್ಯಾಟರಿ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಬೇರೆ ಹರಿದಿದೆ" ಎಂದಷ್ಟೇ ನೀನು ಹೇಳಿದ್ದು. "ನಿಮ್ಮಪ್ಪನ ಮೂಗು ಒರೆಸಿದೋಳು ನಾನು, ನಂಗೇ ಪಾಠ ಹೇಳ್ತೀಯೇನೋ?" ಎಂದು ಗದರಿಸಿದ್ದೆ.

ನೀನು ಹೇಳಿದ್ದು ಸರಿ. ಗುಂಡಿ ಒತ್ತಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಗುಂಡಿಯನ್ನು ಏಕೆ ಒತ್ತುತ್ತೇನೆ, ದಿನಕ್ಕೆ ಎಷ್ಟು ಸಲ ಎಂದು ಕೇಳಬೇಡ. ವೇಪ್ ಸೇದುವವರ ಹೆಸರನ್ನು ಚರ್ಚಿನ ಮಹಿಳಾ ಸಂಘದಲ್ಲಿ ಓದಿ ಹೇಳುವವಳು ನಾನೇ. ಊರಿನಲ್ಲಿ ಯಾರ ಬಳಿ ಬಾಯಿ ಬಿಡಲಿ? ಸಮುದ್ರಕ್ಕೆ ಎಸೆಯಲೆಂದು ಮೂರು ಸಲ ಹೋದೆ. ಮೂರು ಸಲವೂ ಅದು ನನ್ನ ಜೇಬಿನಲ್ಲೇ ಮನೆಗೆ ಬಂತು. ನಿನ್ನೆ ಚಾಪೆಯನ್ನು ಅಂಗೈಯಗಲ ಸುಟ್ಟಿತು. ಪಕ್ಕದಲ್ಲೇ ಮೊಮ್ಮಗಳು ಮಲಗಿದ್ದಳು.

ಅತ್ತೆ ತೆಗೆದುಕೊಂಡದ್ದನ್ನು ಹಿಂದಿರುಗಿಸುವ ಪದ್ಧತಿಯಿಲ್ಲ. ನಾನು ಕೊಡಲಾರೆ, ನೀನು ಕೇಳಲಾರೆ. ಅದು ಹೊಲಿಗೆ ಯಂತ್ರದ ಖಾನೆಯಲ್ಲಿದೆ. ಬ್ಯಾಟರಿಯನ್ನು ಬೀಗದಕೈಗಳ ಜೊತೆ ಜೇಬಿಗೆ ಹಾಕಿಕೊಳ್ಳಬೇಡ, ಪ್ಲಾಸ್ಟಿಕ್ ಡಬ್ಬಿ ತಾ. ಭಾನುವಾರ ಹತ್ತರಿಂದ ನಾವೆಲ್ಲ ಚರ್ಚಿನಲ್ಲಿರುತ್ತೇವೆ. ಹಿಂಬಾಗಿಲಿಗೆ ಅಗುಳಿ ಹಾಕಿರುವುದಿಲ್ಲ.

ಆ ಭಾನುವಾರ ಪ್ರಾರ್ಥನೆಗೆ ಏಕೆ ಬರಲಿಲ್ಲವೆಂದು ನಿನ್ನನ್ನು ನಾನು ಕೇಳುವುದಿಲ್ಲ.

ನಿನ್ನ ಅತ್ತೆ,
ಲೋಸಾಲಿನೆ