ಹನ್ನೊಂದು ಕತ್ತರಿ ಗುರುತು

ಟೋಕಿಯೋ, ಹೊಂಗೊ
ಶೋವಾ ಐದನೆಯ ವರ್ಷ (1930), ನವೆಂಬರ್ 9

ನಮ್ಮ ಮನೆಯ ಯಜಮಾನರಿಗೆ,

ಶಿಗೆನೊ ಮಾಡುವ ನಮಸ್ಕಾರ. ಇಲ್ಲಿ ಚಳಿ ಹಿಡಿದಿದೆ. ಪರ್ಸಿಮನ್ ಹಣ್ಣು ಸುಲಿದು ಒಣಗಲೆಂದು ಸೂರಿಗೆ ಕಟ್ಟಿದ್ದೇನೆ. ನೀವಿರುವ ಅಟಾಮಿಯಲ್ಲಿ ಬಿಸಿನೀರ ಬುಗ್ಗೆಗಳಿಗೆ ಕೊರತೆಯಿಲ್ಲ, ಆದರೂ ಎದೆ ಬೆಚ್ಚಗಿಟ್ಟುಕೊಳ್ಳಿ.

ನೀವು ಹೋಗಿ ಇಪ್ಪತ್ತು ದಿನವಾಯಿತು. ಬರೆಯಲು ಏಕಾಂತ ಬೇಕೆಂದಿರಿ. ನನಗೇನು ಕಣ್ಣಿಲ್ಲವೇ? ಹೊರಡುವ ಮುಂಚಿನ ವಾರ ನಾನು ಬಡಿಸಿದ ಮಿಸೊ ಸಾರನ್ನು ನೀವು ಮುಟ್ಟಲಿಲ್ಲ; ಬೀದಿಯಲ್ಲಿ ಸೋಬಾ ಶಾವಿಗೆ ತಿಂದು ಬಂದು ಹಸಿವಿಲ್ಲ ಎಂದಿರಿ.

ಪತ್ರಿಕೆಯಲ್ಲಿ ಬಂದ ಆ ಕಥೆ ಬರೆದವರು ನೀವು, ಚೊಕ್ಕ ಪ್ರತಿ ಮಾಡಿದವಳು ನಾನು. ಹಾಸಿಗೆ ಹಿಡಿದ ಅತ್ತೆ, ಆರೈಕೆ ಮಾಡುವ ಸೊಸೆ, ಕೊನೆಗೊಂದು ಸಾವು. ಅಕ್ಷರಕ್ಕೊಂದು ಮನೆಯಿರುವ ಚೌಕದ ಹಾಳೆಯಲ್ಲಿ, ಹನ್ನೊಂದು ಮನೆಗಳಲ್ಲಿ ಇದ್ದದ್ದು ‘ಗಂಜಿ ಕುಡಿಸಿ ಬಾಯೊರೆಸಿದಳು’ ಎಂದಷ್ಟೆ. ಪತ್ರಿಕೆಯಲ್ಲಿ ಅದರ ಜಾಗಕ್ಕೆ ಹನ್ನೊಂದು ಕತ್ತರಿ ಗುರುತು (×) ಬಂತು, ಸರ್ಕಾರ ಒಪ್ಪದ ಮಾತಿಗೆ ಹಾಕುತ್ತಾರಲ್ಲ, ಅದೇ.

ಅಂದಿನಿಂದ ಬೀದಿಯವರಿಗೆಲ್ಲ ಆ ಸೊಸೆ ನಾನೇ, ಸತ್ತದ್ದು ಈ ವಸಂತದಲ್ಲಿ ತೀರಿಕೊಂಡ ನಿಮ್ಮ ತಾಯಿಯೇ. ಬೀದಿಯ ಹೆಂಗಸರೆಲ್ಲ ಮೀಯುವ ಸ್ನಾನದ ಮನೆಯಲ್ಲಿ ಚಾಪೆ ಅಂಗಡಿಯ ಒಕಿನು ನನ್ನ ಬೆನ್ನುಜ್ಜುತ್ತ ಕೇಳಿದಳು: “ಕತ್ತು ಹಿಸುಕಿದ್ದಾ, ದಿಂಬು ಒತ್ತಿದ್ದಾ? ನಂಗೊಬ್ಳಿಗೆ ಹೇಳೇ, ಯಾರ ಹತ್ರಾನೂ ಬಾಯಿ ಬಿಡಲ್ಲ.” ಗಂಜಿ ಅಂದೆ. “ಹೋಗೇ, ಗಂಜಿ ಅನ್ನೋ ಮಾತಿಗೆ ಯಾರಾದ್ರೂ ಕತ್ತರಿ ಹಾಕ್ತಾರಾ?” ಎಂದು ನಕ್ಕಳು.

ತಡೆಯಲಾರದೆ ಸಂಪಾದಕರಾದ ಇವಾಬುಚಿಯವರ ಕಚೇರಿಗೇ ಹೋದೆ. ಆ ಸಾಲಿಗೆ ಯಾರ ತಕರಾರೂ ಇರಲಿಲ್ಲವಂತೆ. “ಗಂಜಿ ಅಂತ ಅಚ್ಚು ಹಾಕಿದ್ರೆ ಯಾರಮ್ಮ ಕೊಂಡ್ಕೋತಾರೆ? ಗುರುತು ಹಾಕಿದ್ರೆ ಓದೋರೇ ಏನಾದ್ರೂ ಬೇಯಿಸ್ಕೋತಾರೆ” ಎಂದು ನನಗೇ ಚಹಾ ಕೊಟ್ಟು ಕಳಿಸಿದರು. ಸಿಟ್ಟಿಗೆ ನಾನು ಚಹಾ ಕುಡಿಯಲಿಲ್ಲ.

ಒಕಿನು ಏನಾದರೂ ಅಂದುಕೊಳ್ಳಲಿ. ನಿಮ್ಮ ಕೈಯಾರೆ ಗಂಜಿ ಎಂದು ಬರೆದ ನೀವೇ ಅಚ್ಚಿನ ಗುರುತು ನೋಡಿ ನನಗೆ ಹೆದರಿದಿರಲ್ಲ, ಅದು ನನ್ನ ಹೊಟ್ಟೆ ಉರಿಸುತ್ತಿದೆ. ಹದಿನಾರು ವರ್ಷ ಒಟ್ಟಿಗೆ ಬಾಳಿದ್ದೇವೆ. ನೀವಿಲ್ಲದ ಮನೆಯಲ್ಲಿ ನನಗೆ ಇರಲಾಗುತ್ತಿಲ್ಲ. ಬಂದುಬಿಡಿ.

ನಿಮ್ಮ ದಾರಿ ನೋಡುತ್ತಿರುವ
ಶಿಗೆನೊ

ಮತ್ತೆ: ಲಕೋಟೆ ಅಂಟಿಸಿದವಳು ಪುನಃ ಬಿಡಿಸಿದೆ. ಅತ್ತೆ ತೀರಿಕೊಂಡ ದಿನ ನೀವು ಮನೆಯಲ್ಲಿರಲಿಲ್ಲ. ಗಂಜಿ ಎಂದು ನಿಮಗೆ ಹೇಳಿದವಳು ನಾನೇ. ಕುಡಿಸಿದ್ದು ಗಂಜಿಯೇ, ಸುಳ್ಳಲ್ಲ. ಎಂಟು ತಿಂಗಳು ಹೊಟ್ಟೆನೋವಿನಲ್ಲಿ ನರಳಿದ ಅತ್ತೆ, “ಇನ್ನು ಆಗಲ್ಲ ಕಣೇ, ಆ ನಿದ್ದೆ ಪುಡಿ ಅಷ್ಟನ್ನೂ ಇದಕ್ಕೆ ಹಾಕ್ಬಿಡು, ನನ್ನ ಮಗನಿಗೆ ಹೇಳ್ಬೇಡ” ಎಂದು ನನಗೆ ಕೈ ಮುಗಿದರು. ಹಾಕಿದೆ. ಇದನ್ನು ತಿಳಿದೂ ಬರುವುದಾದರೆ ಬನ್ನಿ. ಬಂದ ಮೇಲೆ ಮಾತ್ರ ನಾನು ಬಡಿಸಿದ್ದನ್ನು ಉಣ್ಣಬೇಕು.