ಸಾಬಿರಾ ಅಮ್ಮನ ಗೋಡೆಯ ರೊಟ್ಟಿ

ನಿಗೋರಾ,

ತಾಷ್ಕೆಂಟಿನ ಆರೂವರೆ ವ್ಯಾನು ಹಿಡಿಯಬೇಕು, ಅದಕ್ಕೇ ನಿನ್ನನ್ನು ಎಬ್ಬಿಸದೆ ಹೊರಟೆ. ಸುಣ್ಣದವನು ಒಂಬತ್ತಕ್ಕೆ ಬರುತ್ತಾನೆ. ಅಡುಗೆಮನೆಯ ಮೊಳೆಗೆ ತೂಗುಹಾಕಿದ ಒಣರೊಟ್ಟಿಯನ್ನು ಅವನು ಮುಟ್ಟಬಾರದು, ಸುತ್ತಲೂ ಬಳಿಯಲಿ. ನಿನ್ನೆ "ಇದೇನಮ್ಮಾ, ಇಲಿಗೆ ಹಬ್ಬದೂಟಾನಾ?" ಅಂದ, ಬೈದೆ.

ನಮಗೆ ಈ ಮನೆ ಮಾರಿದ ಸಾಬಿರಾ ಅಮ್ಮನ ಮಗ ರಷ್ಯಾಕ್ಕೆ ದುಡಿಯಲು ಹೊರಟಾಗ ಒಂದು ತುತ್ತು ಕಚ್ಚಿಟ್ಟ ರೊಟ್ಟಿ ಅದು. ಉಳಿದದ್ದನ್ನು ಅವನೇ ಬಂದು ತಿನ್ನಬೇಕು. ಏಳು ವರ್ಷದಿಂದ ಸುದ್ದಿಯಿಲ್ಲ. ಕೀಲಿಕೈ ಕೊಡುವಾಗ ಅವಳು, "ಊರ ತುಂಬಾ ಹೊಸ ಮನೆ ಎದ್ದಿವೆ. ಅವ್ನಿಗೆ ಗುರುತು ಸಿಗೋದು ಈ ರೊಟ್ಟಿ ಒಂದೇ ಕಣೇ" ಅಂದಳು. ತೆಗೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ಯಾರಾದರೂ ಬಾಗಿಲು ತಟ್ಟದೆ ಒಳಬಂದು "ಅಮ್ಮಾ" ಎಂದು ಕೂಗಿದರೆ ಬೆಚ್ಚಬೇಡ. ಮನೆ ಮಾರಿದ ವಿಷಯ ಹೊಸ್ತಿಲಲ್ಲೇ ಹೇಳಬೇಡ. ಮೊದಲು ಕೂರಿಸಿ ಚಹಾ ಕೊಡು.

ನಿನ್ನ ಅತ್ತೆ